ಶಾಲಾ ಪ್ರವಾಸಕ್ಕೆ ಗ್ಯಾಲರಿ: ಬೆಂಗಳೂರಿನ ಆಸುಪಾಸಿನಲ್ಲಿ ಎಲ್ಲಿಗೆ ಹೋಗಬೇಕು, ಏನು ನೋಡಬೇಕು

ಚಿತ್ರಕಲೆ ತೋರಿಸಲೆಂದೇ ಮಕ್ಕಳನ್ನು ಮೊದಲ ಸಲ ಹೊರಗೆ ಕರೆದೊಯ್ಯುವ ಶಾಲೆಗೆ ಬೆಂಗಳೂರಿನಲ್ಲಿ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಷ್ಟು ಒದಗಿಬರುವ ಜಾಗ ಇನ್ನೊಂದಿಲ್ಲ. ಎಂಟನೇ ತರಗತಿ ದಾಟಿದವರಾದರೆ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಎಲ್ಲರ ಬಾಯಲ್ಲಿರುವಂತೆ ಎನ್‌ಜಿಎಂಎ. ಪ್ರೈಮರಿ ಮಕ್ಕಳಾದರೆ ರಾಮನಗರದ ಜಾನಪದ ಲೋಕ. ಇವೆಲ್ಲವನ್ನೂ ಒಂದೇ ದಿನ ಮುಗಿಸುತ್ತೇವೆಂದು ಹೊರಡುವ ಬಸ್ಸು ಯಾವುದನ್ನೂ ತೋರಿಸದೆ ವಾಪಸ್ಸು ಬರುತ್ತದೆ. ಒಂದು ದಿನಕ್ಕೆ ಒಂದು ಜಾಗ, ಆ ಜಾಗದಲ್ಲಿ ಐದಾರು ಕೃತಿ. ಕೆಳಗಿನ ಮಾತೆಲ್ಲ ಈ ಲೆಕ್ಕ ಹಿಡಿದೇ ಬರೆದದ್ದು.

ಚಿತ್ರಕಲಾ ಪರಿಷತ್ತು 1960ರಲ್ಲಿ ಶುರುವಾದ ಸಂಸ್ಥೆ. ಕಾಲೇಜು, ಕಾಯಂ ಸಂಗ್ರಹ, ಬಾಡಿಗೆಗೆ ಸಿಗುವ ಪ್ರದರ್ಶನ ಕೊಠಡಿಗಳು ಎಲ್ಲ ಒಂದೇ ಆವರಣದಲ್ಲಿವೆ. ಇದರ ಲಾಭ ಏನೆಂದರೆ, ಹಳೆಯ ಮೈಸೂರು ಶೈಲಿಯ ಚಿತ್ರ ನೋಡಿದ ಹುಡುಗ ಅಲ್ಲಿಂದ ಹೊರಬಂದು ಪಕ್ಕದ ಕೊಠಡಿಯಲ್ಲಿ ಈ ವಾರ ಚಿತ್ರ ಹಾಕಿದ ಕಲಾವಿದರನ್ನೇ ನೇರ ಮಾತಾಡಿಸಬಹುದು. ಇಂಥ ಪ್ರದರ್ಶನಗಳಲ್ಲಿ ಕಲಾವಿದರು ಸಾಮಾನ್ಯವಾಗಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ‘ಇದಕ್ಕೆ ಎಷ್ಟು ದಿನ ಹಿಡೀತು, ಈ ಬಣ್ಣ ಎಲ್ಲಿ ಸಿಗುತ್ತೆ, ತಪ್ಪಾದರೆ ಏನ್ ಮಾಡ್ತೀರಿ’ ಎಂಬ ಮೂರು ಪ್ರಶ್ನೆ ಮಕ್ಕಳ ಬಾಯಲ್ಲಿದ್ದರೆ ಸಾಕು, ಮಾತು ತಾನಾಗಿ ಬೆಳೆಯುತ್ತದೆ. ಚಿತ್ರ ಬರೆಯುವುದೂ ಒಬ್ಬರ ದಿನನಿತ್ಯದ ಕೆಲಸ ಎಂಬುದು ಪಾಠದಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಇಲ್ಲಿ ಕಣ್ಣೆದುರೇ ಇರುತ್ತದೆ.

ಕಾಯಂ ಸಂಗ್ರಹದಲ್ಲಿ ಮೂರು ಕಡೆ ನಿಲ್ಲಿ. ಮೊದಲನೆಯದು ಮೈಸೂರು ಸಾಂಪ್ರದಾಯಿಕ ಚಿತ್ರಗಳು. ಇವುಗಳ ಮುಂದೆ ಮಕ್ಕಳು ‘ದೇವರ ಫೋಟೊ’ ಎಂದು ಒಂದು ನೋಟ ಬೀರಿ ಮುಂದೆ ಹೋಗಿಬಿಡುತ್ತಾರೆ, ಏಕೆಂದರೆ ನೇರ ಎದುರಿನಿಂದ ನೋಡಿದರೆ ಚಿನ್ನದ ಭಾಗ ಬರೀ ಹಳದಿ ಬಣ್ಣದಂತೆ ಕಾಣುತ್ತದೆ. ಚಿತ್ರದ ಪಕ್ಕಕ್ಕೆ ಎರಡು ಹೆಜ್ಜೆ ಸರಿದು, ಕಣ್ಣು ಕಿರೀಟದ ಮಟ್ಟಕ್ಕೆ ಬರುವಂತೆ ನಿಂತು ಓರೆಯಾಗಿ ನೋಡಲು ಹೇಳಿ. ಆಗ ಕಿರೀಟದ ಅಂಚು, ಸರದ ಮಣಿ, ಮಂಟಪದ ಕಂಬ, ಸೀರೆಯ ಜರಿ ಎಲ್ಲ ಹಾಳೆಯಿಂದ ಕೂದಲೆಳೆಯಷ್ಟು ಮೇಲೆದ್ದಿರುವುದು ಕಾಣುತ್ತದೆ. ಸಫೇದ ಎಂಬ ಬಿಳಿ ಪುಡಿ ಮತ್ತು ಅಂಟು ಕಲಸಿದ ಲೇಪವನ್ನು ಕುಂಚದ ತುದಿಯಿಂದ ಗೆರೆಗೆರೆಯಾಗಿ ಏರಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿ, ಕೊನೆಗೆ ತೆಳು ಕಾಗದ ಹೊದಿಸಿ ನುಣುಪು ಕಲ್ಲಿನಿಂದ ಉಜ್ಜುವುದು ಇದರ ಕ್ರಮ. ಲೇಪ ದಪ್ಪವಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ, ತೆಳುವಾದರೆ ಉಬ್ಬೇ ನಿಲ್ಲುವುದಿಲ್ಲ. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ಅದರೊಳಗೆ ಗಾಜು, ಹರಳು ಕೂರಿಸುತ್ತಾರೆ. ಮೈಸೂರಿನದು ಗೆರೆಯ ನಾಜೂಕಿನ ಮೇಲೆ ನಿಂತ ಕಲೆ. ಈ ವ್ಯತ್ಯಾಸ ಒಮ್ಮೆ ತಿಳಿದ ಮಗು ಮುಂದೆ ಯಾರ ಮನೆಯ ಗೋಡೆಯ ಮೇಲೆ ಇದ್ದರೂ ಎರಡನ್ನೂ ಗುರುತಿಸುತ್ತದೆ.

ಎರಡನೆಯದು ತೊಗಲುಗೊಂಬೆ. ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಹಳ್ಳಿಗಳಿಂದ ಕೂಡಿಹಾಕಿದ ಸಂಗ್ರಹ ಇದು. ಕರ್ನಾಟಕದ ತೊಗಲುಗೊಂಬೆಯ ವಿಶೇಷ ಎಂದರೆ, ಅನೇಕ ಗೊಂಬೆಗಳಲ್ಲಿ ಒಂದೇ ಚರ್ಮದ ಮೇಲೆ ಒಂದಿಡೀ ಸನ್ನಿವೇಶ ಇರುತ್ತದೆ: ರಥ, ಅದರಲ್ಲಿ ಇಬ್ಬರು, ಮುಂದೆ ಕುದುರೆ, ಸುತ್ತ ಬಳ್ಳಿ. ‘ಇದರಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ’ ಎಂದರೆ ಐದು ನಿಮಿಷ ಯಾರೂ ಅಲುಗುವುದಿಲ್ಲ. ಆಮೇಲೆ ಸಣ್ಣ ಸಣ್ಣ ತೂತುಗಳ ಕಡೆ ಗಮನ ಸೆಳೆಯಿರಿ. ಆಡಿನ ಚರ್ಮವನ್ನು ಹೆರೆದು ಬೆಳಕು ಹಾಯುವಷ್ಟು ತೆಳು ಮಾಡಿ ಬಣ್ಣ ಹಾಕಿದ ಮೇಲೆ, ಒಡವೆ ಹೊಳೆಯಬೇಕಾದ ಕಡೆ ಉಳಿಯಿಂದ ತೂತು ಕೊರೆದಿರುತ್ತಾರೆ. ಹಿಂದಿನಿಂದ ದೀಪ ಬಂದಾಗ ಆ ತೂತುಗಳೇ ಮುತ್ತು, ಆ ತೂತುಗಳೇ ಸರ. ಗೋಡೆಯ ಮೇಲೆ ಗಾಜಿನೊಳಗೆ ಇಟ್ಟಾಗ ಇದರ ಅರ್ಧ ಸೊಗಸು ಮಾತ್ರ ಸಿಗುತ್ತದೆ ಎಂಬುದನ್ನು ಮಕ್ಕಳಿಗೆ ನೇರವಾಗಿ ಹೇಳಿ. ಉಳಿದರ್ಧ ಮಾರನೆಯ ದಿನ ತರಗತಿಯಲ್ಲಿ.

ಮೂರನೆಯದು ಕೃಷ್ಣಾ ರೆಡ್ಡಿಯವರ ಮುದ್ರಣ ಚಿತ್ರಗಳು. ದೊಡ್ಡ ಮಕ್ಕಳಿಗೆ ಇದು ಚಿತ್ರಕಲೆಯಷ್ಟೇ ವಿಜ್ಞಾನದ ಪಾಠವೂ ಹೌದು. ಒಂದೇ ಲೋಹದ ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆದು, ಎಣ್ಣೆ ಹೆಚ್ಚಿರುವ ತೆಳು ಇಂಕನ್ನು ಗಟ್ಟಿ ರೋಲರಿನಿಂದ ಮೇಲ್ಮಟ್ಟಕ್ಕೂ, ಎಣ್ಣೆ ಕಡಿಮೆ ಇರುವ ಮಂದ ಇಂಕನ್ನು ಮೆತ್ತನೆಯ ರೋಲರಿನಿಂದ ತಗ್ಗಿಗೂ ಹಚ್ಚುತ್ತಾರೆ. ತೆಳು ಇಂಕು ಕೂತ ಜಾಗದಲ್ಲಿ ಮಂದ ಇಂಕು ಹಿಡಿಯುವುದಿಲ್ಲ. ಹೀಗಾಗಿ ಹಲವು ಬಣ್ಣ ಒಂದೇ ಸಲಕ್ಕೆ, ಒಂದೇ ತಗಡಿನಿಂದ ಹಾಳೆಗೆ ಇಳಿಯುತ್ತವೆ. ಸ್ನಿಗ್ಧತೆಯ ಪಾಠ ಮುಗಿಸಿದ ತರಗತಿಯಾದರೆ ವಿಜ್ಞಾನದ ಮೇಷ್ಟ್ರನ್ನೂ ಜತೆಗೆ ಕರೆದುಕೊಂಡು ಹೋಗಿ. ರಷ್ಯಾ ಮೂಲದ ಕಲಾವಿದರಾದ ರೋರಿಕ್ ತಂದೆ ಮಗನ ಕೊಠಡಿಯಲ್ಲಿ ನಿಕೊಲಸ್ ಅವರ ಹಿಮಾಲಯದ ನೀಲಿ ಮಕ್ಕಳಿಗೆ ಯಾರೂ ವಿವರಿಸದೆಯೇ ಇಷ್ಟವಾಗುತ್ತದೆ. ಅಲ್ಲಿ ಮೇಷ್ಟ್ರು ಸುಮ್ಮನಿದ್ದರೆ ಒಳ್ಳೆಯದು.

ಪರಿಷತ್ತಿಗೆ ಯಾವಾಗ ಹೋಗಬಾರದು ಎಂಬುದೂ ಮುಖ್ಯ. ಆವರಣದಲ್ಲಿ ಆಗಾಗ ಕರಕುಶಲ ಮೇಳ ನಡೆಯುತ್ತದೆ. ಆ ದಿನಗಳಲ್ಲಿ ಮಳಿಗೆ, ಗಿರಾಕಿ, ವಾಹನದ ನಡುವೆ 40 ಮಕ್ಕಳನ್ನು ಹಿಡಿದಿಡುವುದರಲ್ಲೇ ಶಕ್ತಿಯೆಲ್ಲ ಖರ್ಚಾಗುತ್ತದೆ. ಜನವರಿಯ ಭಾನುವಾರದ ಚಿತ್ರಸಂತೆ ಮನೆಯವರೊಂದಿಗೆ ಹೋಗಿ ನೋಡಲೇಬೇಕಾದದ್ದು, ಶಾಲೆಯ ಗುಂಪಿಗೆ ಹೇಳಿದ್ದಲ್ಲ. ಇಡೀ ರಸ್ತೆಯೇ ಸಂತೆಯಾದಾಗ ತಲೆ ಎಣಿಸಲು ಸಾಧ್ಯವಿಲ್ಲ.

ಎನ್‌ಜಿಎಂಎ ಬೇರೆಯದೇ ಹದ. 2009ರ ಫೆಬ್ರುವರಿಯಲ್ಲಿ ತೆರೆದ ಈ ಸಂಗ್ರಹಾಲಯ ಮಾಣಿಕ್ಯವೇಲು ಬಂಗಲೆಯಲ್ಲಿದೆ, ಹಿಂಬದಿಗೆ ಹೊಸ ಕಟ್ಟಡ ಸೇರಿಸಿದ್ದಾರೆ. ಮೂರೂವರೆ ಎಕರೆ ಆವರಣ, ದೊಡ್ಡ ಮರಗಳು, ನಗರದ ನಡುವೆಯೇ ಸದ್ದಿಲ್ಲದ ಜಾಗ. ಒಳಗೆ ಭಾರತದ ಆಧುನಿಕ ಕಲೆಯ ದಾರಿ ಉದ್ದಕ್ಕೂ ಸಿಗುತ್ತದೆ. ಆದರೆ ಗೋಡೆಯ ಮೇಲಿನ ಕೃತಿಗಳು ಬದಲಾಗುತ್ತಿರುತ್ತವೆ, ಹೊರಗಿನಿಂದ ಬಂದ ಪ್ರದರ್ಶನಗಳಿಗೆ ಕೊಠಡಿಗಳನ್ನು ಬಿಟ್ಟುಕೊಡುವುದೂ ಉಂಟು. ‘ಅಮೃತಾ ಶೇರ್‌ಗಿಲ್ ತೋರಿಸುತ್ತೇನೆ’ ಎಂದು ಮಕ್ಕಳಿಗೆ ಮಾತು ಕೊಟ್ಟು ಹೋದರೆ ಆ ವಾರ ಅವರ ಚಿತ್ರ ಗೋಡೆಯ ಮೇಲೆ ಇಲ್ಲದಿರಬಹುದು. ಪ್ರವಾಸಕ್ಕೆ ಒಂದು ವಾರ ಮುಂಚೆ ಮೇಷ್ಟ್ರು ಒಬ್ಬರೇ ಹೋಗಿ, ಆರು ಕೃತಿ ಆರಿಸಿ, ಅವು ಯಾವ ಕೊಠಡಿಯಲ್ಲಿವೆ ಎಂದು ಬರೆದುಕೊಂಡು ಬರುವುದೊಂದೇ ದಾರಿ. ಆ ಅರ್ಧ ದಿನ ಉಳಿಸಿಕೊಂಡ ಶಾಲೆ ಪ್ರವಾಸದ ಪೂರ್ತಿ ದಿನ ಕಳೆದುಕೊಳ್ಳುತ್ತದೆ.

ಆರಿಸುವಾಗ ಎರಡು ಸಂಗತಿ ನೋಡಿ. ಬಂಗಲೆಯ ಕೊಠಡಿಗಳು ಮನೆಯ ಅಳತೆಯವು, 10–12 ಮಕ್ಕಳಿಗಿಂತ ಹೆಚ್ಚು ಒಂದು ಚಿತ್ರದ ಮುಂದೆ ನಿಂತರೆ ಹಿಂದಿನವರಿಗೆ ಕಾಣುವುದು ಮುಂದಿನವರ ತಲೆ. ಇನ್ನೊಂದು, ಆಧುನಿಕ ಕಲೆಯ ಸಂಗ್ರಹ ಎಂದ ಮೇಲೆ ನಗ್ನ ಆಕೃತಿಗಳು ಇದ್ದೇ ಇರುತ್ತವೆ. ಅಂಥದ್ದು ಎದುರಾದಾಗ ‘ನಡೀರಿ ನಡೀರಿ’ ಎಂದು ತಳ್ಳಿಕೊಂಡು ಹೋದರೆ ಮಕ್ಕಳ ನೆನಪಿನಲ್ಲಿ ಉಳಿಯುವುದು ಅದೊಂದೇ. ‘ಮನುಷ್ಯನ ದೇಹವನ್ನು ನೋಡಿ ಬರೆಯುವುದು ಚಿತ್ರಗಾರರ ಮೊದಲ ಪಾಠ’ ಎಂದು ಮಾಮೂಲಿ ದನಿಯಲ್ಲಿ ಒಂದು ಮಾತು ಹೇಳಿ ಮುಂದುವರಿದರೆ ನಗು ಅಲ್ಲೇ ನಿಲ್ಲುತ್ತದೆ.

ಒಂದು ಕೃತಿಗೆ ಹತ್ತು ನಿಮಿಷ ಕೊಡಿ. ಮೊದಲ ಎರಡು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಪ್ರತಿಯೊಬ್ಬರೂ ಕಂಡ ಒಂದು ಸಂಗತಿ ಹೇಳಬೇಕು. ‘ಚೆನ್ನಾಗಿದೆ’ ಲೆಕ್ಕಕ್ಕಿಲ್ಲ. ‘ಬಲಗಡೆಯವಳ ಕೈ ಮಡಿಲಲ್ಲಿದೆ’ ಲೆಕ್ಕಕ್ಕಿದೆ. ಯಾರಾದರೂ ‘ಅವಳಿಗೆ ಬೇಜಾರಾಗಿದೆ’ ಎಂದರೆ ‘ಯಾವುದನ್ನು ನೋಡಿ ಹಾಗೆ ಹೇಳ್ತೀಯ’ ಎಂದು ಕೇಳಿ, ಉತ್ತರ ಚಿತ್ರದೊಳಗಿಂದಲೇ ಬರಲಿ. ಕೊನೆಯ ಐದು ನಿಮಿಷ ಚಿತ್ರದ ಒಂದು ಮೂಲೆಯನ್ನು ಮಾತ್ರ, ಅಂಗೈಯಗಲ, ಪೆನ್ಸಿಲ್ಲಿನಲ್ಲಿ ಬಿಡಿಸಲಿ. ಇಡೀ ಚಿತ್ರ ನಕಲು ಮಾಡಲು ಹೇಳಿದರೆ ಬರೆಯಲಾಗದವರು ಸೋತು ಕೂರುತ್ತಾರೆ. ಒಂದು ಕಿವಿಯೋಲೆ, ಒಂದು ಕಿಟಕಿ ಎಂದರೆ ಎಲ್ಲರ ಕೈಯೂ ಓಡುತ್ತದೆ. ಆರು ಕೃತಿಗೆ ಒಂದು ಗಂಟೆ, ನಡುವೆ ಓಡಾಟ, ನೀರು, ಶೌಚಾಲಯ ಸೇರಿ ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚು ನಿಂತರೆ ಕಾಲು ನೋಯುತ್ತದೆ, ಕಾಲು ನೋಯುವವರು ಚಿತ್ರ ನೋಡುವುದಿಲ್ಲ.

ಬಿಟ್ಟಸ್ಥಳ ತುಂಬುವ ಪ್ರಶ್ನೆಪತ್ರಿಕೆಯನ್ನು ದಯವಿಟ್ಟು ಒಯ್ಯಬೇಡಿ. ‘ಕಲಾವಿದರ ಹೆಸರು, ಇಸವಿ, ಮಾಧ್ಯಮ’ ಎಂದು ಅಚ್ಚು ಹಾಕಿ ಕೊಟ್ಟರೆ ಮಕ್ಕಳು ಓಡಿ ಹೋಗಿ ಗೋಡೆಯ ಚೀಟಿ ಓದಿ, ಬರೆದುಕೊಂಡು, ಮುಂದಿನ ಚೀಟಿಗೆ ಓಡುತ್ತಾರೆ. ಚಿತ್ರ ಅವರ ಪಾಲಿಗೆ ಚೀಟಿಯ ಪಕ್ಕದ ಗೋಡೆ. ಏನಾದರೂ ಕೇಳಲೇಬೇಕೆಂದರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ, ಎಷ್ಟು ಜನ ನಿನ್ನತ್ತ ನೋಡುತ್ತಿಲ್ಲ, ಬ್ರಷ್ಷಿನ ಗುರುತು ಎಲ್ಲಿ ಎದ್ದು ಕಾಣುತ್ತದೆ ಎಂಬಂಥವನ್ನು ಕೇಳಿ. ಅವುಗಳ ಉತ್ತರ ಯಾವ ಚೀಟಿಯಲ್ಲೂ ಇರುವುದಿಲ್ಲ.

ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 2023ರಲ್ಲಿ ಬಾಗಿಲು ತೆರೆಯಿತು. ಫೋಟೊ, ಜವಳಿ, ಸಿನಿಮಾ ಪೋಸ್ಟರ್, ಹಳೆಯ ಜಾಹೀರಾತು ಇವೆಲ್ಲ ಅವರ ಸಂಗ್ರಹದ ಭಾಗ. ‘ಕಲೆ ನಮಗಲ್ಲ’ ಎಂದುಕೊಂಡ ಹತ್ತನೇ ಕ್ಲಾಸಿನ ಹುಡುಗರನ್ನು ಹಿಡಿದು ನಿಲ್ಲಿಸಲು ಒಂದು ಹಳೇ ಸಿನಿಮಾ ಪೋಸ್ಟರ್ ಸಾಕು. ಹೊಸ ಕಟ್ಟಡವಾದ್ದರಿಂದ ಲಿಫ್ಟ್ ಇದೆ. ಗಾಲಿಕುರ್ಚಿ ಬಳಸುವ ಮಗು ತರಗತಿಯಲ್ಲಿದ್ದರೆ ನಮ್ಮ ಆಯ್ಕೆ ಮೊದಲು ಇದೇ. ಶಾಲೆಯ ಗುಂಪಿಗೆ ಮುಂಚಿತವಾಗಿ ಸಮಯ ಗೊತ್ತುಮಾಡಿಕೊಂಡೇ ಹೋಗಿ.

ಅದೇ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ಅದಕ್ಕೆ ತಾಗಿಕೊಂಡೇ ವೆಂಕಟಪ್ಪ ಚಿತ್ರಶಾಲೆ. ಹಳೆಯ ಕಟ್ಟಡಗಳು, ದುರಸ್ತಿಗೆಂದು ಮುಚ್ಚುವುದುಂಟು. ತೆರೆದಿದೆಯೇ ಎಂದು ಖಚಿತ ಮಾಡಿಕೊಳ್ಳದೆ ಬಸ್ಸು ಗೊತ್ತುಮಾಡಬೇಡಿ. ತೆರೆದಿದ್ದರೆ, ಆತಕೂರಿನ ಕಲ್ಲಿನ ಮುಂದೆ ಮಕ್ಕಳನ್ನು ಕೂರಿಸಿ. ಗಂಗರ ದೊರೆ ಬೂತುಗನ ಕಡೆಯ ಮಣಲೇರ ಎಂಬ ವೀರ, ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಬಹುಮಾನವಾಗಿ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು, ಅದರ ನೆನಪಿಗೆ ಹತ್ತನೇ ಶತಮಾನದಲ್ಲಿ ಕಲ್ಲು ನಿಲ್ಲಿಸಿದರು. ನಾಯಿಗೂ ಹಂದಿಗೂ ನಡೆದ ಜಗಳ ಕಲ್ಲಿನಲ್ಲೇ ಕೆತ್ತಿದೆ. ಹಳಗನ್ನಡ ಎಂದರೆ ಮೂಗು ಮುರಿಯುವ ತರಗತಿಗೂ ಈ ಕತೆ ಒಂದೇ ಸಲಕ್ಕೆ ತಲುಪುತ್ತದೆ. ವೆಂಕಟಪ್ಪನವರ ಊಟಿಯ ಜಲವರ್ಣಗಳಿಗೆ ಬೇರೆಯೇ ತಾಳ್ಮೆ ಬೇಕು. ಮಂಜು ಕವಿದ ಬೆಟ್ಟ, ತಿಳಿ ಬಣ್ಣ. ಜಲವರ್ಣಕ್ಕೆ ಬೆಳಕೇ ಶತ್ರು, ಇಂಥ ಕೃತಿಗಳಿಗೆ 50 ಲಕ್ಸಿನ (ಲಕ್ಸ್ ಎಂದರೆ ಬೆಳಕಿನ ಅಳತೆ) ಆಸುಪಾಸಿನ ಮಂದ ಬೆಳಕನ್ನಷ್ಟೇ ಇಡುವುದು ಸಂಗ್ರಹಾಲಯಗಳ ರೂಢಿ. ಬಿಸಿಲಿನಿಂದ ನೇರ ಒಳಗೆ ನುಗ್ಗಿದ ಮಕ್ಕಳಿಗೆ ಮೊದಲ ಮೂರು ನಾಲ್ಕು ನಿಮಿಷ ಬೂದು ಹಾಳೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಬಾಗಿಲ ಒಳಗೆ ನೆರಳಿನಲ್ಲಿ ನಿಲ್ಲಿಸಿ ಸೂಚನೆಗಳನ್ನೆಲ್ಲ ಅಲ್ಲೇ ಹೇಳಿ ಮುಗಿಸಿ, ಅಷ್ಟರಲ್ಲಿ ಕಣ್ಣು ಒಗ್ಗಿರುತ್ತದೆ.

ಮೈಸೂರಿನ ಕಡೆಯ ಶಾಲೆಗಳು ಇದಕ್ಕೆಲ್ಲ ಬೆಂಗಳೂರಿಗೆ ಬರಬೇಕಿಲ್ಲ, ಜಗನ್ಮೋಹನ ಅರಮನೆಯ ಚಿತ್ರಶಾಲೆ ಇದೆ. ಅಲ್ಲಿನ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ರವಿವರ್ಮನದು ಎಂದು ಹೇಳಿಬಿಡುವವರು ಬಹಳ ಜನ. ಬರೆದವರು ಎಸ್.ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ಬೆರಳುಗಳ ಸಂದಿನಿಂದ ಸೋಸಿ ಬರುವ ಕೆಂಪು ಬೆಳಕನ್ನು ನೀರಿನ ಬಣ್ಣದಲ್ಲಿ ಹಿಡಿಯುವುದು ಎಷ್ಟು ಕಷ್ಟ ಎಂದು ಬ್ರಷ್ ಹಿಡಿದ ಯಾವ ಮಗುವಿಗೂ ಗೊತ್ತು.

ಜಾನಪದ ಲೋಕಕ್ಕೆ ಬರೋಣ. ಎಚ್.ಎಲ್. ನಾಗೇಗೌಡರು ಕಟ್ಟಿದ, ಸುಮಾರು 15 ಎಕರೆಯ ಈ ಜಾಗ ಸಣ್ಣ ಮಕ್ಕಳಿಗೆ ಗ್ಯಾಲರಿಗಿಂತ ಎಷ್ಟೋ ಮೇಲು. ಓಡಾಡಲು ಬಯಲಿದೆ, ಮಾತಾಡಿದರೆ ಯಾರೂ ಗದರುವುದಿಲ್ಲ. ಲೋಕಮಹಲಿನಲ್ಲಿ ಯಕ್ಷಗಾನದ ವೇಷಭೂಷಣ, ಗೊಂಬೆ, ಸೋಮನ ಕುಣಿತದ ಮುಖವಾಡಗಳಿವೆ. ಲೋಕಮಾತಾ ಮಂದಿರದಲ್ಲಿ ಬೀಸುವ ಕಲ್ಲು, ಕಣಜ, ಅಡುಗೆಮನೆಯ ಸರಕು. ಇಲ್ಲಿ ಆರು ವಸ್ತು ಎಂಬ ಲೆಕ್ಕ ಸಡಿಲಿಸಬಹುದು, ಆದರೆ ಪ್ರತಿ ಮಗುವಿಗೂ ಒಂದು ವಸ್ತು ಹಂಚಿ: ಅದರ ಹೆಸರು, ಅದನ್ನು ಯಾವ ಕೈಯಲ್ಲಿ ಹಿಡಿಯುತ್ತಿದ್ದರು, ಎಲ್ಲಿ ಸವೆದಿದೆ. ಸವೆದ ಜಾಗ ಹುಡುಕುವುದು ಮಕ್ಕಳಿಗೆ ಬಲು ಪ್ರೀತಿ, ಆ ವಸ್ತುವನ್ನು ಬಳಸಿದ ಕೈ ಅಲ್ಲೇ ಸಿಗುತ್ತದೆ. ಹಳ್ಳಿಯಿಂದ ಬಂದ ಮಕ್ಕಳು ಇಲ್ಲಿ ಪಟ್ಟಣದವರಿಗೆ ಪಾಠ ಹೇಳುತ್ತಾರೆ, ಹೇಳಲು ಬಿಡಿ.

ಇಲ್ಲಿಗೆ ಮಾತ್ರ ಎರಡನೆಯ ಜಾಗವೊಂದನ್ನು ಜೋಡಿಸಬಹುದು: ಹತ್ತಿರದ ಚನ್ನಪಟ್ಟಣದ ಬಣ್ಣದ ಗೊಂಬೆಯ ಕಾರ್ಖಾನೆ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಹತ್ತು ನಿಮಿಷದಲ್ಲಿ ಮರದ ತುಂಡು ಬುಗುರಿಯಾಗುವುದನ್ನು ಕಣ್ಣಾರೆ ನೋಡಬಹುದು. ಲೇತಿನಿಂದ ನಾಲ್ಕು ಅಡಿ ದೂರ, ದುಪಟ್ಟಾ, ಜಡೆ ಬಿಗಿಯಾಗಿ ಕಟ್ಟಿರಬೇಕು. ಚಾಲಕರಿಗೆ ಹೊರಡುವಾಗಲೇ ಒಂದು ಮಾತು ಹೇಳಿ: ಮೈಸೂರಿನ ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುತ್ತದೆ, ಜಾನಪದ ಲೋಕ ಇರುವುದು ಹಳೆಯ ರಸ್ತೆಯಲ್ಲಿ. ಬೈಪಾಸ್ ಹತ್ತಿದ ಬಸ್ಸು ಎಲ್ಲೋ ದೂರ ಹೋಗಿ ತಿರುಗಬೇಕಾಗುತ್ತದೆ.

ರಜೆಯ ದಿನ ಮರೆಯಬೇಡಿ: ಎನ್‌ಜಿಎಂಎ, ಕಸ್ತೂರಬಾ ರಸ್ತೆಯ ಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ, ಜಾನಪದ ಲೋಕ ಮಂಗಳವಾರ. ಶಾಲೆಯ ಲೆಟರ್‌ಹೆಡ್ಡಿನಲ್ಲಿ ತರಗತಿ, ಮಕ್ಕಳ ಸಂಖ್ಯೆ, ಬರುವ ಹೊತ್ತು, ಜತೆಗಿರುವ ಹಿರಿಯರ ಸಂಖ್ಯೆ ಬರೆದು ಎರಡು ವಾರ ಮುಂಚೆ ಕೊಡಿ. ವಿದ್ಯಾರ್ಥಿಗಳ ದರ, ಮಾರ್ಗದರ್ಶಕರು, ಅವರು ಕನ್ನಡದಲ್ಲಿ ವಿವರಿಸುತ್ತಾರೆಯೇ, ಈ ಮೂರನ್ನೂ ಅದೇ ಪತ್ರದಲ್ಲಿ ಕೇಳಿ. ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಒಂದು ಗಂಟೆ ಇಂಗ್ಲಿಷಿನಲ್ಲಿ ವಿವರಣೆ ಕೊಡಿಸುವುದು ಅನ್ಯಾಯ. ಕನ್ನಡದವರು ಸಿಗದಿದ್ದರೆ ನಿಮ್ಮ ಡ್ರಾಯಿಂಗ್ ಮೇಷ್ಟ್ರೇ ಮಾತಾಡಲಿ. 40 ಮಕ್ಕಳಿಗೆ ನಾಲ್ಕು ಗುಂಪು, ಗುಂಪಿಗೆ ಒಬ್ಬರು, ಬಾಗಿಲಲ್ಲಿ ಹೆಚ್ಚುವರಿ ಒಬ್ಬರು. ನಾಲ್ಕೂ ಗುಂಪು ಬೇರೆ ಬೇರೆ ಕೃತಿಯಿಂದ ಶುರುಮಾಡಿದರೆ ಒಂದೇ ಕಡೆ ನೂಕುನುಗ್ಗಲಾಗುವುದಿಲ್ಲ.

ಬೆನ್ನಿನ ಚೀಲ ಬಸ್ಸಿನಲ್ಲೇ ಇರಲಿ, ತಿರುಗಿದಾಗ ಹಿಂದಿನ ಚಿತ್ರಕ್ಕೆ ಬಡಿಯುವುದು ಮಗುವಿನ ಕೈಯಲ್ಲ, ಚೀಲ. ಪ್ರತಿಯೊಬ್ಬರಿಗೂ ಮೊದಲೇ ಕೆತ್ತಿದ 2ಬಿ ಪೆನ್ಸಿಲ್ ಎರಡು, ಅರ್ಧ ಎ4 ಅಳತೆಯ ಹಾಳೆ ಎಂಟು, ಕೆಳಗೆ ರಟ್ಟು, ಒಂದು ಕ್ಲಿಪ್ಪು. ಪೆನ್ನು ಬೇಡ, ಇಂಕು ಒಮ್ಮೆ ಸಿಡಿದರೆ ಹೋಗುವುದಿಲ್ಲ. ರಬ್ಬರೂ ಬೇಡ, ಅಳಿಸುತ್ತಾ ಕೂತರೆ ಐದು ನಿಮಿಷ ಅದರಲ್ಲೇ ಕಳೆಯುತ್ತದೆ. ಚಿತ್ರದಿಂದ ಎರಡು ಅಡಿ ದೂರ ಎಂಬ ನಿಯಮಕ್ಕೆ ಕಾರಣವನ್ನೂ ಹೇಳಿ: ಬೆರಳಿನ ಎಣ್ಣೆ, ಬೆವರು ಬಣ್ಣಕ್ಕೆ ಅಂಟಿ ವರ್ಷಗಳ ಮೇಲೆ ಕಲೆಯಾಗಿ ಕಪ್ಪಾಗುತ್ತದೆ. ‘ಮುಟ್ಟಬೇಡ’ ಎಂಬುದನ್ನು ಮಕ್ಕಳು ಮರೆಯುತ್ತಾರೆ, ಕಾರಣವನ್ನು ಮರೆಯುವುದಿಲ್ಲ. ಊಟಕ್ಕೆ ಕಬ್ಬನ್ ಪಾರ್ಕನ್ನು ನೆಚ್ಚಿಕೊಳ್ಳಬೇಡಿ, ಅಲ್ಲಿ ತಿನ್ನುವುದಕ್ಕೆ ಕಡಿವಾಣವಿದೆ. ಹತ್ತೂವರೆಗೆ ಒಳಹೊಕ್ಕು ಹನ್ನೆರಡಕ್ಕೆ ಹೊರಬಂದು ಶಾಲೆಗೆ ಮರಳಿ ಉಣ್ಣುವ ಲೆಕ್ಕವೇ ವಾಸಿ. ಖರ್ಚಿನ ದೊಡ್ಡ ಪಾಲು ಟಿಕೆಟ್ಟಲ್ಲ, ಬಸ್ಸು. ಬಿಎಂಟಿಸಿಯ ಒಪ್ಪಂದದ ಬಸ್ಸಿನ ದರವನ್ನೂ ಖಾಸಗಿಯವರ ದರವನ್ನೂ ಕೇಳಿ ನೋಡಿ. ಅಕ್ಕಪಕ್ಕದ ಎರಡು ಸರ್ಕಾರಿ ಶಾಲೆಗಳು ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ಒಂದೇ ಬಸ್ಸನ್ನು ಹಂಚಿಕೊಂಡರೆ ಭಾರ ಅರ್ಧವಾಗುತ್ತದೆ.

ತೊಗಲುಗೊಂಬೆಯ ಉಳಿದರ್ಧಕ್ಕೆ ಮಾರನೆಯ ದಿನ ಎರಡು ಪೀರಿಯಡ್ ತೆಗೆದಿಡಿ. ಬಿಳಿ ಡ್ರಾಯಿಂಗ್ ಹಾಳೆಯಲ್ಲಿ ಗೊಂಬೆ ಬರೆದು, ಮೇಣದ ಬಣ್ಣ ಬಿಟ್ಟು ಸ್ಕೆಚ್ ಪೆನ್ನಿನ ಬಣ್ಣ ತುಂಬಿ, ಒಡವೆ ಇರುವ ಕಡೆ ದಬ್ಬಳದಿಂದ ತೂತು ಹಾಕಿಸಿ. ಹಿಂಬದಿಗೆ ಹತ್ತಿಯಿಂದ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ, ಹಳೇ ಪೇಪರಿನ ನಡುವೆ ಅರ್ಧ ಗಂಟೆ ಒತ್ತಿಟ್ಟರೆ ಹಾಳೆ ಬೆಳಕು ಹಾಯುವಷ್ಟು ಪಾರಕವಾಗುತ್ತದೆ. ಎಣ್ಣೆ ಹೆಚ್ಚಾದರೆ ಬಣ್ಣ ಹರಡುತ್ತದೆ, ಆದ್ದರಿಂದ ಒಂದು ತುಂಡಿನ ಮೇಲೆ ಮೊದಲು ಪರೀಕ್ಷೆ ಮಾಡಿ. ಬಿದಿರು ಕಡ್ಡಿಯೊಂದನ್ನು ಬೆನ್ನಿಗೆ ಕಟ್ಟಿ, ಬಿಳಿ ಪಂಚೆಯನ್ನು ಬಾಗಿಲಿಗೆ ಬಿಗಿದು, ಹಿಂದಿನಿಂದ ಒಂದೇ ಒಂದು ದೀಪ ಇಡಿ. ಗೊಂಬೆಯನ್ನು ಪಂಚೆಗೆ ಒತ್ತಿ ಹಿಡಿಯಬೇಕು, ನಾಲ್ಕು ಬೆರಳು ದೂರ ಸರಿದರೂ ಅಂಚು ಮಸುಕಾಗಿ ತೂತುಗಳು ಕಾಣೆಯಾಗುತ್ತವೆ. ಎರಡು ದೀಪ ಇಟ್ಟರೆ ಎರಡು ನೆರಳು ಬೀಳುತ್ತದೆ.